ಪುಣೆಯ ರಿಯಾ ಮತ್ತು ಅವಳ ಅಜ್ಜಿಯ ಮಂಡಿನೋವು

ಅನ್ವಿ, ಪುಣೆಯ ರಿಯಾ ನಾನೇ.

ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಆರು ತಿಂಗಳು ನಿನ್ನ ಜೀವದ ಗೆಳತಿಯಾಗಿದ್ದ, ಬೆಕ್ಕಿನ ಫೋಟೋ ಹಾಕಿಕೊಂಡಿದ್ದ, ಅಜ್ಜಿಗೆ ಸದಾ ಮಂಡಿನೋವಿದ್ದ, ಆಮೇಲೆ ಒಂದು ದಿನ ಹೇಳದೆ ಕೇಳದೆ ಮಾಯವಾದ ಆ ಹದಿನಾರರ ಹುಡುಗಿ — ನಿನ್ನ ಅಮ್ಮ. ಆಗ ನನಗೆ ನಲವತ್ತಮೂರು. ಆ ಬೆಕ್ಕು ಕೂಡ ನಮ್ಮದಲ್ಲ, ಬಾಂದ್ರಾದ ನಮ್ಮ ಆಫೀಸಿನ ಕ್ಯಾಂಟೀನಿನದು.

ಇದನ್ನು ಬರೆಯಲು ಏಳು ವರ್ಷ ಬೇಕಾಯಿತು. ಮೇಲಿನ ನಾಲ್ಕು ಸಾಲು ಬರೆದು ಎದ್ದು ಹೋಗಿ ಎರಡು ಸಲ ಗ್ಯಾಸಿನ ಕಟ್ಟೆ ಒರೆಸಿ ಬಂದೆ. ಅದು ಮೊದಲೇ ಚೊಕ್ಕವಾಗಿತ್ತು.

ಎಲ್ಲ ಶುರುವಾದದ್ದು ನನ್ನ ಹೊಟ್ಟೆಯುರಿಯಿಂದ. ಫೋಟೋ ಹಾಕುವ ಆ ಆ್ಯಪ್‌ನಲ್ಲಿ ನೀನು ನಿನ್ನ ಖಾತೆಗೆ ಬೀಗ ಜಡಿದುಕೊಂಡಿದ್ದೆ, ನೀನು ಒಪ್ಪಿದವರಿಗೆ ಮಾತ್ರ ಒಳಗೆ ಪ್ರವೇಶ. ನಾನು ನನ್ನದೇ ಹೆಸರಿನಲ್ಲಿ, ಸೀರೆ ಉಟ್ಟ ಫೋಟೋ ಹಾಕಿ, ಮರ್ಯಾದೆಯಿಂದ ರಿಕ್ವೆಸ್ಟ್ ಕಳಿಸಿದೆ. ನಾಲ್ಕು ತಿಂಗಳು ನೀನು ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಂದೇ ಕುಕ್ಕರಿನ ಅನ್ನ ಉಂಡುಕೊಂಡು ಹೆತ್ತವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಕೇಳಿದರೆ, "ಅಮ್ಮ, ವೋ ಸಿರ್ಫ್ ಫ್ರೆಂಡ್ಸ್‌ಗೆ," ಅದು ಗೆಳತಿಯರಿಗೆ ಮಾತ್ರ ಎಂದು ಇಯರ್‌ಫೋನ್ ಸಿಕ್ಕಿಸಿಕೊಂಡೆ. ಆ ದಿನಗಳಲ್ಲಿ ನಿನ್ನ ಬಾಯಿಂದ ನನಗೆ ಸಿಗುತ್ತಿದ್ದದ್ದು ಎರಡೇ ಶಬ್ದ, "ಹಾಂ" ಮತ್ತು "ಕ್ಯಾ".

ನನ್ನ ಕೆಲಸ ನಿನಗೆ ಗೊತ್ತಲ್ಲ, ವಿಮೆ ಆಫೀಸಿನಲ್ಲಿ ಆಸ್ಪತ್ರೆ ಬಿಲ್ಲುಗಳ ಸುಳ್ಳು ಹಿಡಿಯುವುದು. ಆಗದ ಆಪರೇಷನ್ನು, ಇಲ್ಲದ ಡಾಕ್ಟರು, ಸತ್ತವನ ಸಹಿ — ಎಂಥೆಂಥದನ್ನೋ ಹಿಡಿದಿದ್ದೇನೆ. ಅಂಥವಳು ಮನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಕುಳಿತಿದ್ದೆ. ನಿನ್ನ ಪಪ್ಪನಿಗೆ ಹೇಳೋಣ ಎಂದರೆ ಅವರು ಗ್ರಾಂಟ್ ರೋಡಿನ ಹೋಟೆಲಿನ ಗಲ್ಲೆ ಬಿಟ್ಟು ಬರುವಷ್ಟರಲ್ಲಿ ನಾವಿಬ್ಬರೂ ಮಲಗಿರುತ್ತಿದ್ದೆವು. ಹಾಗಾಗಿ ನಾನು ಹೇಳಿಕೊಂಡದ್ದು ಟ್ರೇನಿನಲ್ಲಿ.

ಗೋರೆಗಾಂವ್‌ನಿಂದಲೇ ಹೊರಡುವ ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬಿ ನಿನಗೆ ಹೊಸದಲ್ಲ. ಆದರೆ ನಮ್ಮ ಗ್ರೂಪಿನ ರಿವಾಜು ನಿನಗೆ ಪೂರ್ತಿ ತಿಳಿಯದು. ಅಲ್ಲಿ ಯಾರ ಸಂಗತಿಯೂ ಅವಳೊಬ್ಬಳದೇ ಅಲ್ಲ. ಒಬ್ಬಳ ಸೊಸೆ, ಇನ್ನೊಬ್ಬಳ ಪಿತ್ತಕೋಶದ ಕಲ್ಲು, ಎಲ್ಲದಕ್ಕೂ ಎಲ್ಲರೂ ತಲೆ ಹಾಕಬೇಕು. ಬೆಳಗ್ಗೆ ಸಮಸ್ಯೆ ಎತ್ತಿದರೆ ಸಂಜೆ ವಾಪಸು ಬರುವಾಗ ಮಡಿಲಲ್ಲಿ ಬಟಾಣಿ ಸುಲಿಯುತ್ತ ತೀರ್ಪು ಕೊಡುತ್ತಾರೆ. ನನ್ನ ಎದುರಿನ ಸೀಟಿನಲ್ಲಿ ಹೇತಲ್, ಗುಜರಾತಿ, ಯಾವುದೋ ಕಂಪನಿಯ ಟೈಪಿಸ್ಟ್. ಪಕ್ಕದಲ್ಲಿ ವಿಜಯಪುರ ಕಡೆಯ ಮಾದೇವಿ, ಗ್ರಾಂಟ್ ರೋಡ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಆಯಾ. ನನ್ನ ಕಣ್ಣೀರು ನೋಡಿ ಹೇತಲ್, "ನಯೀ ಲಡ್ಕೀ ಬನಾತೇ ಹೈಂ ನಾ," ಎಂದಳು. ಹೊಸ ಹುಡುಗಿಯನ್ನು ಮಾಡೋಣ, ಅದೇನು ದೊಡ್ಡ ಸಂಗತಿ ಎನ್ನುವ ಹಾಗೆ. ಜೋಗೇಶ್ವರಿ ದಾಟುವಷ್ಟರಲ್ಲಿ ರಿಯಾ ಹುಟ್ಟಿದ್ದಳು.

ಬೆಕ್ಕಿನ ಮುಖದ ಆ ಅಪರಿಚಿತಳನ್ನು ನೀನು ಹನ್ನೊಂದು ನಿಮಿಷದಲ್ಲಿ ಒಳಗೆ ಬಿಟ್ಟೆ. ಹನ್ನೊಂದು ನಿಮಿಷ, ಅನ್ವಿ. ತಾಯಿಯಾದವಳು ಆಗ ಬೆಚ್ಚಿಬೀಳಬೇಕಿತ್ತು. ನಾನು ಡಬ್ಬಿಯಲ್ಲಿ ಎಲ್ಲರಿಗೂ ಚಿಕ್ಕಿ ಹಂಚಿದೆ.

ಮೊದಲ ವಾರ ಸಿಕ್ಕಿಬೀಳುವುದರಲ್ಲಿದ್ದೆ. ನನ್ನ ಮೊದಲ ಮೆಸೇಜಿಗೆ ನೀನು, 'ನೀನು ನನ್ನ ಅಮ್ಮನ ಥರ ಟೈಪ್ ಮಾಡ್ತೀಯಲ್ಲ,' ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದೆ. ಹೇತಲ್ ಫೋನ್ ಕಿತ್ತುಕೊಂಡು, "ಫುಲ್‌ಸ್ಟಾಪ್ ನಿಕಾಲೋ. ಬಚ್ಚೇ ಲೋಗ್ ಫುಲ್‌ಸ್ಟಾಪ್ ದೇಖ್ಕೆ ಸಮಝ್ತೇ ಹೈಂ ಕಿ ಗುಸ್ಸಾ ಆಯಾ," ಎಂದಳು. ಫುಲ್‌ಸ್ಟಾಪ್ ಕಂಡರೆ ಸಿಟ್ಟು ಬಂದಿದೆ ಎಂದುಕೊಳ್ಳುತ್ತಾರಂತೆ ಮಕ್ಕಳು. ಇಪ್ಪತ್ತು ವರ್ಷ ಆಫೀಸಿನಲ್ಲಿ ಪತ್ರ ಬರೆದ ಕೈ, ಫುಲ್‌ಸ್ಟಾಪ್ ಬಿಡುವುದು ಸುಲಭವಲ್ಲ. ಆಮೇಲೆ ನಾನು ಹೇಳುವುದು, ಹೇತಲ್ ಟೈಪ್ ಮಾಡುವುದು, ಮಾದೇವಿ ತಿದ್ದುವುದು ಎಂದಾಯಿತು. ಮಾದೇವಿಗೆ ಇಂಗ್ಲಿಷ್ ಬಾರದು. ಆದರೂ ತಿದ್ದುತ್ತಿದ್ದಳು.

ಅಜ್ಜಿ ಅವಳ ಕೊಡುಗೆ. "ಅಕ್ಕಾರ, ಅಜ್ಜಿ ಇಲ್ದ ಮನಿ ಅದೆಂಥಾದ್ರಿ? ಒಬ್ಬಾಕಿ ಅಜ್ಜಿ ಇರ್ಲಿ. ಮಣಕಾಲ ನೋವು ಹಚ್ಚ್ರಿ ಆಕಿಗೆ, ಅಂದ್ರ ಖರೇ ಅನಸ್ತೈತಿ," ಎಂದಳು. ರಿಯಾ ಭಾನುವಾರ ಯಾಕೆ ಕಾಣುವುದಿಲ್ಲ ಎಂದು ನೀನು ಕೇಳಿದಾಗ — ನಮಗೆ ಭಾನುವಾರ ರಜೆ, ಟ್ರೇನಿಲ್ಲ — ಅದೇ ಅಜ್ಜಿಯನ್ನು ಪ್ರತಿ ಭಾನುವಾರ ವ್ಯಾಯಾಮದ ಡಾಕ್ಟರ ಹತ್ತಿರ ಕಳಿಸಿದೆವು. ನೀನು ಪಾಪ, ಸೋಮವಾರ ಬೆಳಗಾದರೆ ಮೊದಲು ಕೇಳುತ್ತಿದ್ದದ್ದು, 'ಅಜ್ಜಿ ಹೇಗಿದ್ದಾರೆ?' ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಲು ಹೇಳು ಎಂದು ಬರೆದಿದ್ದೆ. ನಾನು ತಿಕ್ಕುವುದನ್ನು ನೋಡಿಯೇ ಕಲಿತದ್ದು ಅದು. ನನ್ನ ಮಂಡಿ ನೋಯುತ್ತಿದ್ದಾಗ ನೀನು ಒಂದು ದಿನವೂ ಹೇಗಿದೆ ಎಂದು ಕೇಳಿರಲಿಲ್ಲ. ಡಬ್ಬಿಯಲ್ಲಿ ಕುಳಿತು ಇಲ್ಲದ ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಅದಕ್ಕಿಂತ ಹೊಟ್ಟೆಕಿಚ್ಚಾದದ್ದು ರಿಯಾಳ ಅಮ್ಮನ ಮೇಲೆ. ಅವಳನ್ನು ಹೇತಲ್ ಕಟ್ಟಿದ್ದು. ಆ ಅಮ್ಮ ಬೈಯುವುದಿಲ್ಲ, ಮಾರ್ಕು ಕೇಳುವುದಿಲ್ಲ, ಕೂದಲಿಗೆ ಬಣ್ಣ ಹಚ್ಚಲು ಬಿಡುತ್ತಾಳೆ. 'ನಿನ್ನ ಮಮ್ಮಿ ಎಷ್ಟು ಒಳ್ಳೆಯವರು, ನನ್ನ ಅಮ್ಮನಿಗೆ ಬೇರೆ ಏನೂ ಬೇಡ, ನನ್ನ ಫೋನ್ ಬೇಕು,' ಎಂದು ನೀನು ಬರೆದೆ. ಅದನ್ನು ನಾನು ಓದಿದ್ದು ನಿನ್ನದೇ ಫೋನಿನ ಬಗ್ಗೆ ತಲೆ ಕೆಡಿಸಿಕೊಂಡು, ನನ್ನ ಫೋನಿನಲ್ಲಿ ಮುಖ ಹುದುಗಿಸಿ, ಇಳಿಯಬೇಕಾದ ಸ್ಟೇಷನ್ ದಾಟಿ ಮಾಹೀಮಿಗೆ ಹೋದ ದಿನ.

ಹೀಗೆ ನಗುತ್ತ ಬರೆಯುತ್ತಿದ್ದೇನೆ. ಇಲ್ಲಿಂದ ಮುಂದಿನದು ಬರೆಯಲು —

ಪ್ರಣಾಲಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬಿಲ್ಡಿಂಗಿನ ಹಿಂದಿನ, ಒಂದೊಂದೇ ಕೋಣೆಯ ಮನೆಗಳ ಚಾಳಿನ ಹುಡುಗಿ, ಐದನೇ ಕ್ಲಾಸಿನಿಂದ ನಿನ್ನ ಪಕ್ಕದಲ್ಲಿ ಕುಳಿತವಳು. ದೊಡ್ಡ ದನಿ, ದೊಡ್ಡ ನಗು, ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಕುಣಿದು ವಿಡಿಯೊ ಹಾಕುವವಳು. ನನಗೆ ಅವಳು ಸೇರುತ್ತಿರಲಿಲ್ಲ. ಯಾಕೆ ಎಂದು ಆಗ ಕೇಳಿದ್ದರೆ ನೂರು ಕಾರಣ ಹೇಳುತ್ತಿದ್ದೆ. ಒಂದು ಗುರುವಾರ ನೀನು ರಿಯಾಗೆ ಬರೆದೆ: ಶನಿವಾರ ಟ್ಯೂಷನ್ ತಪ್ಪಿಸಿ ಪ್ರಣಾಲಿಯ ಜೊತೆ ಬಾಂದ್ರಾದ ಸಮುದ್ರದ ಬಂಡೆಗಳ ಮೇಲೆ ವಿಡಿಯೊ ಮಾಡಲು ಹೋಗುತ್ತೇವೆ, ಅಮ್ಮನಿಗೆ ಗೊತ್ತಿಲ್ಲ. ಆ ಬಂಡೆಗಳ ಮೇಲೆ ನೀರು ಹೇಗೆ ಏರುತ್ತದೆ ಎಂದು ನಾನು ಆಫೀಸಿನ ಊಟದ ಹೊತ್ತಿಗೆ ಎಷ್ಟು ಸಲ ನೋಡಿದ್ದೇನೆ. ಹೆದರಿಕೆ ಆಯಿತು, ಅದು ನಿಜ. ಮನೆಗೆ ಬಂದು 'ಹೋಗಬೇಡ' ಎನ್ನಬಹುದಿತ್ತು. ಆದರೆ 'ನಿನಗೆ ಹೇಗೆ ಗೊತ್ತಾಯಿತು, ಅಮ್ಮ?' ಎಂದು ನೀನು ಕೇಳಿದರೆ? ರಿಯಾ ಹೋಗುತ್ತಾಳೆ. ರಿಯಾ ಹೋದರೆ ನೀನೂ ನನ್ನ ಕೈಯಿಂದ ಹೋಗುತ್ತೀ.

ಮರುದಿನ ಟ್ರೇನಿನಲ್ಲಿ ನಾನೊಂದು ಮೆಸೇಜು ಹೇಳಿದೆ. ಹೇತಲ್‌ಳ ಬೆರಳು ನಿಂತಿತು. ಮಾದೇವಿ ನನ್ನ ಮುಖ ನೋಡಿ, "ಬ್ಯಾಡ್ರಿ ಅಕ್ಕಾರ. ಆ ಹುಡುಗಿ ನಿಮಗೇನ್ ಮಾಡ್ಯಾಳ?" ಎಂದಳು. ಫೋನ್ ವಾಪಸು ತೆಗೆದುಕೊಂಡೆ. ಬಾಂದ್ರಾದಲ್ಲಿ ಇಳಿದು, ಜನ ಭುಜಕ್ಕೆ ಭುಜ ತಾಗಿಸಿ ಏರುವ ಆ ಮೆಟ್ಟಿಲ ಬದಿಗೆ ನಿಂತು, ನಾನೇ ಟೈಪ್ ಮಾಡಿದೆ. 'ಪ್ರಣಾಲಿ ನಿನ್ನ ಬೆನ್ನ ಹಿಂದೆ ನಿನ್ನನ್ನು ನೋಡಿ ನಗುತ್ತಾಳೆ. ಆ್ಯಪ್‌ನ ಒಂದು ಗ್ರೂಪಿನಲ್ಲಿ ನಾನು ಕಣ್ಣಾರೆ ಓದಿದ್ದೇನೆ. ನೀನು ಬೋರು, ಪೆದ್ದಿ, ಫೋನ್ ಹಿಡಿದು ವಿಡಿಯೊ ತೆಗೆಯಲು ಮಾತ್ರ ಲಾಯಕ್ಕು ಎಂದು ಬರೆದಿದ್ದಾಳೆ.' ಈ ಸಲ ಫುಲ್‌ಸ್ಟಾಪ್‌ಗಳನ್ನೂ ಮರೆಯದೆ ಅಳಿಸಿದೆ.

ಪ್ರಣಾಲಿ ಅಂಥದು ಒಂದಕ್ಷರವೂ ಬರೆದಿರಲಿಲ್ಲ. ನೀನು ಫೋನ್ ಹಿಡಿಯುವುದಕ್ಕೆ ಮಾತ್ರ ಲಾಯಕ್ಕು ಎನ್ನುವುದು — ಅದು ನಾನು ನಿನಗೆ ಮನೆಯಲ್ಲಿ ಬೈಯುವಾಗ ಹೇಳುತ್ತಿದ್ದ ಮಾತು. ಹೊಸ ಸುಳ್ಳು ಹುಟ್ಟಿಸುವಷ್ಟೂ ಬುದ್ಧಿ ಓಡಲಿಲ್ಲ.

ಶನಿವಾರ ನೀನು ಎಲ್ಲಿಗೂ ಹೋಗಲಿಲ್ಲ. ಪ್ರಣಾಲಿ ಎರಡು ಸಲ ನಮ್ಮ ಬಾಗಿಲಿಗೆ ಬಂದಳು, ಎರಡು ಸಲವೂ "ಓದ್ತಾ ಇದ್ದಾಳೆ" ಎಂದು ಕಳಿಸಿದೆ. ನೀನು ರಿಯಾಗೆ ಪುಟಗಟ್ಟಲೆ ಬರೆಯತೊಡಗಿದೆ, ಈಗ ನನಗೆ ಇರುವವಳು ನೀನೊಬ್ಬಳೇ ಎಂದು. ಅಷ್ಟು ಓದಿದ ಮೇಲೆ ಹೇಡಿಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ರಿಯಾಳನ್ನು ಅಳಿಸಿಬಿಟ್ಟೆ. ಬೆಕ್ಕು, ಅಜ್ಜಿ, ಒಳ್ಳೆಯ ಅಮ್ಮ, ಎಲ್ಲ ಒಂದೇ ಸಲ. ಒಂದು ವಾರದಲ್ಲಿ ನಿನ್ನ ಇಬ್ಬರು ಗೆಳತಿಯರೂ ಹೋದರು. ಮಾದೇವಿ ಎರಡು ವಾರ ನನಗೆ ಸೀಟು ಹಿಡಿಯಲಿಲ್ಲ. ನಮ್ಮ ಡಬ್ಬಿಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಆಮೇಲೆ ಒಂದು ಸಂಜೆ ನೀನು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟೆ. "ಅಮ್ಮ, ಮುಝೇ ಲಗ್ತಾ ಹೈ... ನಾನು ಯಾರಿಗೂ ಇಷ್ಟ ಇಲ್ಲ," ಎಂದೆ. ನಾನು ತಲೆ ಸವರಿದೆ. ಇಷ್ಟು ಹೊತ್ತು ಸುತ್ತುಬಳಸಿ ಬಂದದ್ದು ಇಲ್ಲಿಗೇ ಅನ್ವಿ, ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಹೇಳಿಯೂ ಪ್ರಯೋಜನವಿಲ್ಲ. ಆಗ ನನಗೆ ಸಂತೋಷವಾಯಿತು. ಮೂರು ವರ್ಷದ ಮೇಲೆ ಮಗಳು ನನ್ನ ಮಡಿಲಿಗೆ ಬಂದಳು ಎಂದು — ಒಂದು ಕ್ಷಣ ಅಲ್ಲ, ಇಡೀ ಸಂಜೆ.

ಈಗ ನಿನಗೆ ಇಪ್ಪತ್ತೆರಡು. ನಿನ್ನ ಬರ್ತ್‌ಡೇಗೆ ಆಫೀಸಿನವರು ಕೇಕ್ ತಂದರೆ ಇವರಿಗೆ ನನ್ನಿಂದ ಏನಾಗಬೇಕೋ ಎಂದು ಅನುಮಾನಪಡುತ್ತೀ. ಪಪ್ಪ, 'ಇವಳಿಗೆ ಜನ ಅಂದ್ರೆ ಆಗುವುದೇ ಇಲ್ಲ, ಯಾರ ಹಾಗೆ ಆದಳೋ,' ಎನ್ನುತ್ತಾರೆ. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ನಿಲ್ಲುತ್ತೇನೆ.

ಹೋದ ಸೋಮವಾರ ಡಬ್ಬಿ ಕಿಕ್ಕಿರಿದಿತ್ತು. ಒಬ್ಬ ಹುಡುಗಿ ಎದ್ದು, "ಆಂಟೀ, ಆಪ್ ಬೈಠೋ ನಾ," ಎಂದಳು. ಕುಳಿತ ಮೇಲೆ ನೋಡುತ್ತೇನೆ, ಪ್ರಣಾಲಿ. ಬಾಂದ್ರಾದಲ್ಲಿ ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತಾಳಂತೆ. ನಿನ್ನನ್ನು ವಿಚಾರಿಸಿದಳು. ಆಮೇಲೆ ಬಾಗಿ ಮೆಲ್ಲಗೆ, "ಆಂಟೀ, ಏಕ್ ಬಾತ್ ಪೂಛೂಂ? ಮೈನೇ ಕಿಯಾ ಕ್ಯಾ ಥಾ?" ಎಂದಳು. ನಾನೇನು ಮಾಡಿದ್ದೆ ಎಂದು. ನಾನು "ಸ್ಟೇಷನ್ ಬಂತು" ಎಂದು ಸಾಂತಾಕ್ರೂಜಿನಲ್ಲಿ ಇಳಿದುಬಿಟ್ಟೆ. ಅದು ನನ್ನ ಸ್ಟೇಷನ್ ಅಲ್ಲವೆಂದು ಇಡೀ ಡಬ್ಬಿಗೆ ಗೊತ್ತು. ಮುಂದಿನ ಮೂರು ದಿನ ಟ್ರೇನಿನ ಹಿಂಭಾಗದ ಲೇಡೀಸ್ ಡಬ್ಬಿಗೆ ನುಗ್ಗಿ, ಗೊತ್ತುಪರಿಚಯವಿಲ್ಲದವರ ಮೊಣಕೈ ತಿಂದು, ಒಂದು ಚಪ್ಪಲಿಯನ್ನು ಹಳಿಗೆ ಅರ್ಪಿಸಿ ಬಂದೆ. ಶುಕ್ರವಾರ ಪ್ಲಾಟ್‌ಫಾರಂನಲ್ಲಿ ಮಾದೇವಿ ನನ್ನ ರಟ್ಟೆ ಹಿಡಿದಳು. "ಎಷ್ಟ್ ದಿನಾ ಹಿಂಗ ಓಡ್ತೀರಿ? ನಿಮಗ ವಯಸ್ಸಾತು, ನಡೀರಿ," ಎಂದು ಎಳೆದುಕೊಂಡು ಹೋಗಿ ಪ್ರಣಾಲಿಯ ಎದುರಿಗೆ ಕೂರಿಸಿದಳು.

ಹೇಳಿದೆ. ಎಲ್ಲ ಹೇಳಿದೆ, ಹೇತಲ್ ತಲೆ ತಗ್ಗಿಸಿ ಕುಳಿತಿದ್ದಳು. ಅಜ್ಜಿಯ ಮಂಡಿಯ ಭಾಗ ಬಂದಾಗ ಪ್ರಣಾಲಿ ನಕ್ಕೂ ನಕ್ಕಳು. ಆಮೇಲೆ ಆ ಮೆಸೇಜಿನ ಮಾತು ಬಂತು. ಅವಳು, "ಮೇರೇ ಕೋ ಲಗಾ, ಮೈ ಚಾಲ್ ಮೇಂ ರೆಹತೀ ಹೂಂ ಇಸ್ಲಿಯೇ," ಎಂದಳು. ಚಾಳಿನವಳು ಎಂದು ನೀನು ಬಿಟ್ಟೆ ಅಂದುಕೊಂಡಿದ್ದಳಂತೆ, ಏಳು ವರ್ಷ. ನೀನು ಹಾಗೆ ಎಂದೂ ಎಣಿಸಿದವಳಲ್ಲ. ಎಣಿಸಿದವಳು ನಾನು. ನನ್ನ ಆ ನೂರು ಕಾರಣಗಳನ್ನು ಸುಲಿದು ನೋಡಿದರೆ ಒಳಗೆ ಇದ್ದದ್ದು ಇದೇ. ನಾನು ಕೈಮುಗಿಯಲು ಹೋದೆ. ಅವಳು ನನ್ನ ಕೈ ಕೆಳಗೆ ಇಳಿಸಿ, "ಮೇರೇ ಕೋ ಸಾರಿ ಮತ್ ಬೋಲೋ. ಪೆಹಲೇ ಉಸ್ಕೋ ಬತಾವೋ," ಎಂದಳು.

ನನಗೆ ಸಾರಿ ಬೇಡ, ಮೊದಲು ಅವಳಿಗೆ ಹೇಳಿ ಎಂದಳಲ್ಲ, ಅದಕ್ಕೇ ಇವತ್ತು ರಜೆ ಹಾಕಿ ಇಷ್ಟು ಬರೆದೆ. ಬರೆದು ಮುಗಿಸುವ ಹೊತ್ತಿಗೆ ನನ್ನ ಬುದ್ಧಿ ನನಗೇ ಗೊತ್ತಾಯಿತು. ಕನ್ನಡ ನಿನಗೆ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಏಳು ವರ್ಷದ ಮೇಲೆ ತಪ್ಪೊಪ್ಪಿಕೊಳ್ಳಲು ಕುಳಿತವಳು, ಮಗಳಿಗೆ ಓದಲು ಬಾರದ ಅಕ್ಷರದಲ್ಲಿ ಬರೆದು ನಿನ್ನ ಊಟದ ಡಬ್ಬಿಯಲ್ಲಿಡಲು ಹೊರಟಿದ್ದೆ. ಹರಿದುಹಾಕುವುದಿಲ್ಲ. ನಾನೇ ಓದುತ್ತೇನೆ, ನಿನ್ನ ಎದುರು ಕುಳಿತು, ನನ್ನ ಬಾಯಿಂದ. ಇನ್ನೊಬ್ಬಳ ಹೆಸರಿನ ಹಿಂದೆ ನಿಂತು ನಿನ್ನ ಹತ್ತಿರ ಮಾತಾಡಿದ್ದು ಸಾಕು.

ಲಿಫ್ಟ್ ಬಂದ ಸದ್ದಾಯಿತು. ನೀನು ಕೀಲಿ ಹುಡುಕುತ್ತಿದ್ದೀ. ಬಾ ಮಗಾ, ಕೂತ್ಕೋ. ಇವತ್ತು ಫೋನ್ ಕೆಳಗಿಡು ಎನ್ನುವುದಿಲ್ಲ, ಕೈಯಲ್ಲೇ ಇರಲಿ. ಪ್ರಣಾಲಿ 'ನಾನೇನು ಮಾಡಿದ್ದೆ' ಎಂದು ಕೇಳಿದ್ದಾಳೆ, ಏನೂ ಮಾಡಿರಲಿಲ್ಲ ಎಂದು ನೀನೇ ಅವಳಿಗೆ ಹೇಳಬೇಕು. ನನ್ನನ್ನು ಬೈಯುವುದು ಆಮೇಲೆ. ನಾನು ಎಲ್ಲಿಗೂ ಇಳಿದು ಹೋಗುವುದಿಲ್ಲ.