ಗಂಡನ ತುಟಿಯ ಗುಳ್ಳೆ

ಜ್ವರ ಬಂದಾಗಲೆಲ್ಲ ನನ್ನ ಗಂಡನ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದೆ. ಚಿಕ್ಕಂದಿನಿಂದಲೂ ಹಾಗೇ ಅಂತೆ. ಅತ್ತೆ ನೋಡಿದ ತಕ್ಷಣ, “ಜೇಡ ಉಚ್ಚೆ ಉಯ್ದದೆ, ಬೆಣ್ಣೆ ಅಚ್ಕೊ” ಅನ್ನುತ್ತಿದ್ದರು. ನಂಜನಗೂಡಿನ ಆ ಮನೆಯಲ್ಲಿ ಆ ಜೇಡವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ನಾನೂ ನಂಬಿದ್ದೆ. ಬಿ.ಎಡ್. ಮಾಡಿ, ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು, ನಂಬಿದ್ದೆ!

ಮದುವೆಯಾದ ಆರನೇ ವರ್ಷ ಅಂಥವೇ ಗುಳ್ಳೆಗಳು ನನಗೆ ಎದ್ದವು, ಹೇಳಿಕೊಳ್ಳಲಾಗದ ಜಾಗದಲ್ಲಿ. ಮೈ ಸುಡುವ ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಅರ್ಧ ನಿಮಿಷ ನೋಡಿ, “ಹರ್ಪಿಸ್. ಲೈಂಗಿಕ ಸಂಪರ್ಕದಿಂದ ಅಂಟೋದು, ಗಂಡನಿಂದ ಬಂದಿರುತ್ತೆ” ಎಂದು ಮಾತ್ರೆ ಬರೆದು ಮುಂದಿನವರನ್ನು ಕರೆದರು. ನನಗೆ ಅಷ್ಟೇ ಸಾಕಾಯಿತು.

ಸಂಜೆ ಇವರು ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ, “ಯಾವಳ ಹತ್ರ ಹೋಗಿದ್ರಿ?” ಎಂದೆ.

“ನಂಜುಂಡಪ್ಪನಾಣೆ, ಯಾರ ತಾವನೂ ಓಗಿಲ್ಲ ಕಣೇ.”

“ದೇವರನ್ನ ಯಾಕೆ ಇದಕ್ಕೆ ಎಳೀತೀರಾ?” ಎಂದು ಚೀಲಕ್ಕೆ ನಾಲ್ಕು ಸೀರೆ ತುರುಕಿ ತಿ. ನರಸೀಪುರದ ಬಸ್ಸು ಹತ್ತಿದೆ. ತವರಿನಲ್ಲಿ ಅವ್ವನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅವ್ವ ಅಣ್ಣನಿಗೆ ಹೇಳಿದಳು. ಅಣ್ಣ ಫೋನಿನಲ್ಲಿ ಇವರ ಜನ್ಮ ಜಾಲಾಡಿದ. ಇವರು ಒಂದಕ್ಕೂ ಎದುರಾಡಲಿಲ್ಲವಂತೆ. ತಪ್ಪಿತಸ್ಥ ಹಾಗೇ ಇರೋದು ಎಂದುಕೊಂಡೆವು.

ಎರಡು ದಿನಕ್ಕೆ, ಉರಿ ತಾಳಲಾರದೆ, ಮೈಸೂರಿನ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಗುಳ್ಳೆಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ರಿಪೋರ್ಟು ಹಿಡಿದು ಕೇಳಿದರು, “ಯಜಮಾನರ ತುಟಿ ಮೇಲೆ ಗುಳ್ಳೆ ಏಳುತ್ತಾ?”

“ಅದು ಜೇಡದ್ದು” ಎಂದೆ.

“ಯಾವ ಜೇಡವೂ ಅಲ್ಲಮ್ಮ, ಅದೂ ಹರ್ಪಿಸ್ಸೇ. ಸಾಮಾನ್ಯವಾಗಿ ತುಟಿ ಮೇಲೆ ಬರೋ ಜಾತೀದೇ ನಿಮಗೂ ಬಂದಿದೆ. ಆ ಬಾಯಿ ಕೆಳಗೆ ತಾಗಿದ್ದುಂಟಾ?”

ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತ ಹೂಂ ಎಂದೆ. ನನಗೆ ಏಳುವ ಹಿಂದಿನ ವಾರವೇ ಇವರಿಗೆ ಗುಳ್ಳೆ ಎದ್ದಿತ್ತು.

“ಗುಳ್ಳೆ ಇದ್ದಾಗ, ಏಳೋ ಮುಂಚೆ ಚುರುಚುರು ಅಂದಾಗ ಅಂಟೋದು ಹೆಚ್ಚು. ಏನೂ ಕಾಣದೆ ಇದ್ದಾಗಲೂ ಸ್ವಲ್ಪ ಅಪಾಯ ಇದ್ದೇ ಇರುತ್ತೆ. ಕಾಂಡೋಮ್ ಹಾಕಿದ್ರೆ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ವೈರಸ್ಸು ಮೈಯಲ್ಲೇ ಉಳಿಯುತ್ತೆ, ಮಾತ್ರೆಗೆ ಹಿಡಿತಕ್ಕೆ ಬರುತ್ತೆ. ಯಾರಿಂದ ಬಂತು ಅಂತ ರಿಪೋರ್ಟು ಹೇಳಲ್ಲ. ಆದರೆ ಇದೊಂದನ್ನ ಹಿಡ್ಕೊಂಡು ಗಂಡನ್ನ ಕಳ್ಳ ಅನ್ನಬೇಡಿ.”

ಅಂದೇಬಿಟ್ಟಿದ್ದೆನಲ್ಲ! ನಾಚಿಕೆಯಿಂದ ನೇರ ನಂಜನಗೂಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಇವರು ಕೇಳಿಸಿಕೊಂಡು, “ಊಟ ಆಯ್ತಾ?” ಎಂದರು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಅಣ್ಣನ ಮಗುವಿನ ನಾಮಕರಣಕ್ಕೆ ನರಸೀಪುರಕ್ಕೆ ಹೋದೆವು. ಅಣ್ಣ ಇವರನ್ನು ಮಾತಾಡಿಸಲಿಲ್ಲ. ಅವ್ವ ಇವರ ಎಲೆಗೆ ಪಾಯಸ ಬಿಟ್ಟಳು, ಮುಖ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವಳನ್ನು ಅಡುಗೆಮನೆಗೆ ಕರೆದು, “ಅವ್ವ, ಅವರದೇನೂ ತಪ್ಪಿಲ್ಲ, ಡಾಕ್ಟ್ರೇ ಹೇಳಿದ್ರು” ಎಂದೆ.

“ಅಂಗಾರೆ ನಿಂಗೆ ಎಂಗ್ ಬತ್ತು, ಏಳು?”

ಹೇಗೆ ಹೇಳಲಿ? ಹೆತ್ತ ತಾಯಿಗೆ ಯಾವ ಬಾಯಲ್ಲಿ ಹೇಳಲಿ? ಪಾಯಸದ ಸೌಟು ತೊಳೆಯತೊಡಗಿದೆ.

“ಮುಚ್ಚಾಕ್ಬ್ಯಾಡ ಕಣವ್ವ” ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಂದು ದೊಡ್ ಮನ್ಸು. ಬ್ಯಾರೆಯೋಳಾಗಿದ್ರೆ ಇಂಥವನ ಜೊತೆ ಬಾಳ್ತಿರ್ನಿಲ್ಲ.”

ಕ್ಷಮೆ ಕೇಳಬೇಕಾದವಳು ನಾನು. ಕ್ಷಮಿಸಿದವಳೆಂಬ ಹೆಸರೂ ನನಗೇ ಬಂತು. ಸಾಕಾಗಿಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಇವರ ಕೈ ಹಿಡಿದು, “ವಾಪಸು ಹೋಗಿ ಎಲ್ಲಾನೂ ಹೇಳಿಬಿಡ್ತೀನಿ ರೀ” ಎಂದೆ.

“ಏಳ್ಬಿಟ್ಟು?” ಎಂದರು. “ಆಮೇಲೆ ನಿಮ್ಮವ್ವ ಬಡಿಸೋ ಎಲೆ ಮುಂದೆ ನಾನು ಯಾವ ಮುಖ ಇಟ್ಕೊಂಡು ಕೂರ್ಲಿ? ಕಳ್ಳ ಅಂತ್ಲೇ ಅಂದ್ಕೊಳ್ಲಿ ಬಿಡು.”