ವಾಡಿಯ ಮೀನುಗಳಿಗೆ ಅಮ್ಮ ಬಂದಾಗ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಶರಣಪ್ಪನವರ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನನ್ನ ಕಣ್ಣೆದುರಿಗೇ ಗೋಡೆ ಗಡಿಯಾರವಿತ್ತು. ಅದರ ಕೆಳಗೆ ಮೀನಿನ ತೊಟ್ಟಿ. ಮುಂದಿನ ಅರೆ ನಿಮಿಷದಲ್ಲಿ ನಡೆದದ್ದನ್ನು ನಾನು ಇಂದಿಗೂ ಹಿಂದೆ ಮುಂದೆ ಮಾಡಿ ನೋಡುತ್ತಿರುತ್ತೇನೆ. ಒಬ್ಬ ದನದ ಡಾಕ್ಟರಿಗೆ ಅಲ್ಲಿ ಏನು ಕೆಲಸವಿತ್ತು ಎಂಬುದನ್ನು ಮೊದಲು ಹೇಳಬೇಕು.

1976ರ ಜನವರಿ. ನಾನು ಚಿತ್ತಾಪುರದ ಪಶು ಆಸ್ಪತ್ರೆಯಲ್ಲಿದ್ದೆ. ಶರಣಪ್ಪ ವಾಡಿಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಅವರ ತಾಯಿ ಗೌರವ್ವ ತೆಂಗಳಿಯಲ್ಲಿ ಎಮ್ಮೆ ಕಟ್ಟಿದ್ದವರು. ಅವರ ಒಂದು ಎಮ್ಮೆಯ ಕಷ್ಟದ ಹೆರಿಗೆಯನ್ನು ನಾನೇ ಮಾಡಿಸಿದ್ದೆ. ಮಗನ ಕ್ವಾರ್ಟರ್ಸಿಗೆ ಬಂದ ಮೇಲೆ ಕೈಗೆ ಕೆಲಸವಿಲ್ಲದೆ ಅವರು ಚಡಪಡಿಸುವುದನ್ನು ನೋಡಿ, ಶರಣಪ್ಪ ಹೈದರಾಬಾದಿನಿಂದ ಗಪ್ಪಿ ಮತ್ತು ಕಪ್ಪು ಮೋಲಿ ಮೀನುಗಳನ್ನು ತಂದುಕೊಟ್ಟಿದ್ದರು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿದ ತೊಟ್ಟಿ. ಮರದ ಮೇಜಿನ ಮೇಲೆ ಇತ್ತು. ಗೌರವ್ವ ಮೀನುಗಳಿಗೆ ತಮ್ಮ ಎಮ್ಮೆಗಳ ಹೆಸರನ್ನೇ ಇಟ್ಟಿದ್ದರು: ಕೆಂಚಿ, ಚಂದ್ರಿ, ಬೋಳಿ.

ಆ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳೆದ್ದವು. ನನ್ನನ್ನು ಕರೆಸಿದರು.

“ಡಾಕ್ಟರಪ್ಪ, ಎಮ್ಮಿ ಉಳಿಸೀದಿ, ಇವನ್ನೂ ಉಳಸು,” ಎಂದರು ಗೌರವ್ವ. “ಅಮ್ಮ ಬಂದಾಳ.”

ಬಂದದ್ದು ಸಿಡುಬಿನ ಅಮ್ಮನಲ್ಲ, ವೈಟ್ ಸ್ಪಾಟ್ ಎಂಬ ಮೀನಿನ ರೋಗ. ಕಣ್ಣಿಗೆ ಕಾಣದ ಒಂದು ಜೀವಿ ಮೀನಿನ ಚರ್ಮದಡಿ ಸೇರಿ ಬೆಳೆಯುತ್ತದೆ. ಬಲಿತ ಮೇಲೆ ಉದುರಿ, ತೊಟ್ಟಿಯ ತಳದಲ್ಲಿ ಮರಿಯೊಡೆದು, ಆ ಮರಿಗಳು ಮತ್ತೆ ಮೀನಿಗೆ ಅಂಟುತ್ತವೆ. ಔಷಧಕ್ಕೆ ಸಿಗುವುದು ನೀರಿನಲ್ಲಿ ಈಜುವ ಮರಿಗಳು ಮಾತ್ರ. ನೀರು ಬೆಚ್ಚಗಿದ್ದರೆ ಈ ಸುತ್ತು ಬೇಗ ತಿರುಗುತ್ತದೆ, ಔಷಧ ಬೇಗ ನಾಟುತ್ತದೆ. ಕಾಲೇಜಿನಲ್ಲಿ ಇಷ್ಟು ಓದಿದ್ದೆ, ಕೈಯಾರೆ ಮಾಡಿರಲಿಲ್ಲ. ಅಡುಗೆ ಉಪ್ಪು, ಮೆಥಿಲೀನ್ ಬ್ಲೂ ಹಾಕಿಸಿದೆ. ನೀರನ್ನು ನಿಧಾನವಾಗಿ ಇಪ್ಪತ್ತೆಂಟು ಡಿಗ್ರಿಗೆ ಏರಿಸಬೇಕೆಂದು ಹೇಳಿ, ಬಿಸಿನೀರು ತುಂಬಿದ ಬಾಟಲಿಗಳನ್ನು ತೇಲಿಬಿಡುವುದನ್ನು ತೋರಿಸಿ, ಆಸ್ಪತ್ರೆಯ ಥರ್ಮಾಮೀಟರನ್ನು ಅಲ್ಲೇ ಬಿಟ್ಟುಬಂದೆ.

ಎರಡು ದಿನದ ನಂತರ ಹೋದರೆ ನೀರು ತಣ್ಣಗೆ ಕೊರೆಯುತ್ತಿತ್ತು. ಮೇಲೆ ಬೇವಿನ ಎಲೆ ತೇಲುತ್ತಿತ್ತು.

“ಬಾಟ್ಲಿ ಮ್ಯಾಲ ಬಾಟ್ಲಿ ಬದಲ ಮಾಡ್ಲಿಕತ್ತೀನ್ರಿ,” ಎಂದರು ಶರಣಪ್ಪ. “ನಿಮ್ಮ ಥರ್ಮಾಮೀಟರೇ ಖರಾಬ್ ಅದ.”

ಥರ್ಮಾಮೀಟರ್ ಸರಿಯಾಗಿಯೇ ಇತ್ತು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ರೋಗಿಗೆ ಬೇವು, ಮೊಸರು, ತಂಪು. ಗೌರವ್ವ ಆ ನೇಮವನ್ನು ಮೀನುಗಳಿಗೂ ನಡೆಸಿದ್ದರು. ಬೆಳಿಗ್ಗೆ ಮಿಂದು, ಒದ್ದೆ ಸೀರೆಯಲ್ಲೇ ಮಣ್ಣಿನ ಗಡಿಗೆಯ ನೀರನ್ನು ತಂದು ತೊಟ್ಟಿಗೆ ಸುರಿಯುತ್ತಿದ್ದರು.

“ಅವ್ವಾ, ಇದು ಹುಳದ ರೋಗ. ಬಿಸಿ ಬೇಕು.”

“ಹುಳ ಕಳಿಸ್ದಾಕಿ ಯಾರಪ್ಪ ಮತ್ತ? ಅಮ್ಮಗ ಯಾರರ ಉರಿ ಹಚ್ತಾರೇನು?”

ಅರ್ಧ ಗಂಟೆ ವಾದಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಮರುದಿನ ಮತ್ತೆ ತಣ್ಣೀರು ಸುರಿದರು. ಹೊರಗೆ ಕಾಲುಬಾಯಿ ಬೇನೆಯ ದನಗಳು ನನಗಾಗಿ ಕಾಯುತ್ತಿದ್ದವು. ನಾನು ಇಲ್ಲಿ ಹೆಬ್ಬೆರಳು ಗಾತ್ರದ ರೋಗಿಗಳಿಗಾಗಿ ಒಂದು ಮನೆಯ ಜಗಳ ಬಿಡಿಸುತ್ತಿದ್ದೆ. ಅಷ್ಟರಲ್ಲಿ ಕೆಂಚಿ ಸತ್ತಿತು. ತಾಯಿ ಮಗನನ್ನು ಬೈದರು, ಮಗ ನನ್ನನ್ನು ನೋಡಿದರು.

ಆ ಬೆಳಿಗ್ಗೆ ನಾನು ಕಾಲಿಟ್ಟಾಗ ಶರಣಪ್ಪ ಪಾಳಿ ಮುಗಿಸಿ ಬಂದು, ಕಾರ್ಖಾನೆಯ ರಬ್ಬರ್ ಬೂಟಿನಲ್ಲೇ ತೊಟ್ಟಿಯ ಪಕ್ಕ ನಿಂತಿದ್ದರು. ಮುಖ ಅರಳಿತ್ತು.

“ಬರ್ರಿ ಸಾಹೇಬ್ರ, ನಿಮ್ಮ ಇಪ್ಪತ್ತೆಂಟು ಬಂತು! ಯವ್ವ ತಂಪ ಹಾಕ್ಲಿ, ನಾ ಕಾಯಿಲ್ ಹಾಕೀನಿ. ಯಾರ್ ಗೆಲ್ತಾರ ನೋಡಮು.”

ಸ್ನಾನದ ನೀರು ಕಾಯಿಸುವ ಕಾಯಿಲನ್ನು ಮೀನಿನ ತೊಟ್ಟಿಗೆ ಇಳಿಬಿಟ್ಟಿದ್ದರು. ನನ್ನ ಮುಖ ನೋಡಿ ನಕ್ಕು, ಮುಂಗೈಯನ್ನು ಕಬ್ಬಿಣದ ಚೌಕಟ್ಟಿಗೆ ಹಚ್ಚಿ ತೋರಿಸಿದರು. “ಶಾಕ್ ಗೀಕ್ ಏನಿಲ್ಲ. ಮೀನ ನೋಡ್ರಿ, ಹ್ಯಾಂಗ ಆಡ್ಲಿಕತ್ತಾವ.”

ಮೀನುಗಳು ನಿಜಕ್ಕೂ ಆಡುತ್ತಿದ್ದವು.

ಅವರ ಹೆಂಡತಿ ಶಾಂತಾ ಆಗಷ್ಟೇ ನೆಲ ಒರೆಸಿದ್ದಳು. ಶಹಾಬಾದ್ ಕಲ್ಲಿನ ಆ ಒದ್ದೆ ಫರಸಿಯ ಮೇಲೆ, ಬರಿಗಾಲಲ್ಲಿ, ನೀರು ತೊಟ್ಟಿಕ್ಕುವ ಸೀರೆಯಲ್ಲಿ ಗೌರವ್ವ ತಂಬಿಗೆ ಹಿಡಿದು ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಎಡಗೈ ಚೌಕಟ್ಟನ್ನು ಹಿಡಿದಿತ್ತು. ತಂಬಿಗೆ ಕಲ್ಲಿನ ಮೇಲೆ ಬಿತ್ತು. ಅವರು ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು, ತೊಟ್ಟಿಯನ್ನು ಬಿಡಲಾರದೆ ನಡುಗುತ್ತ ನಿಂತಿದ್ದರು. ನಾನು ಅವರನ್ನು ಎಳೆಯಲು ಮುನ್ನುಗ್ಗಿದೆ.

“ಮುಟ್ಟಬ್ಯಾಡ್ರಿ!” ಎಂದು ಚೀರಿದ ಶಾಂತಾ, ನನ್ನನ್ನು ದಾಟಿ ಓಡಿ ಗೋಡೆಯ ಸ್ವಿಚ್ ಆರಿಸಿದಳು. ಗೌರವ್ವ ಕುಸಿದರು.

ನಾಡಿ ಓಡುತ್ತಿತ್ತು, ಉಸಿರಿತ್ತು. ಕಾರ್ಖಾನೆಯ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಅಂಗೈ ಸುಟ್ಟಿತ್ತು, ಜೀವ ಉಳಿಯಿತು.

ಆಸ್ಪತ್ರೆಯ ವರಾಂಡದಲ್ಲಿ ಶರಣಪ್ಪ ಕೇಳಿದರು: “ಶಾಕ್ ಇದ್ರ ಮೊದಲ ಮೀನ ಸಾಯ್ಬೇಕಿತ್ತಲ್ರಿ?” ವಿದ್ಯುತ್ತೇ ವೃತ್ತಿಯಾದವನಿಗೆ ದನದ ಡಾಕ್ಟರು ಪಾಠ ಹೇಳಬೇಕಾಯಿತು. ಕಾಯಿಲಿನಿಂದ ಸೋರಿದ ಕರೆಂಟು ನೀರು, ಚೌಕಟ್ಟು ಎಲ್ಲದರಲ್ಲೂ ತುಂಬಿತ್ತು. ಆದರೆ ಮರದ ಮೇಜು ಅದನ್ನು ನೆಲಕ್ಕೆ ಇಳಿಯಬಿಟ್ಟಿರಲಿಲ್ಲ. ತಂತಿಯ ಮೇಲೆ ಕುಳಿತ ಹಕ್ಕಿಯ ಹಾಗೆ ಮೀನುಗಳು ಕ್ಷೇಮವಾಗಿದ್ದವು. ಶರಣಪ್ಪನವರನ್ನು ಬೂಟು ಕಾಯಿತು. ನೆಲಕ್ಕೆ ದಾರಿ ಕೊಟ್ಟದ್ದು ಆ ತಾಯಿಯ ಬರಿಗಾಲು. ಶರಣಪ್ಪ ಬಗ್ಗಿ ತಮ್ಮ ಬೂಟು ಕಳಚತೊಡಗಿದರು.

ಗೌರವ್ವ ಕಣ್ಣು ಬಿಟ್ಟು ಹೇಳಿದ್ದು ಬೇರೆ: “ನಾ ಹೇಳಿದ್ದಿಲ್ಲೇನು? ಉರಿ ಹಚ್ಚಿದ್ರಿ, ಅಮ್ಮ ಬಂದು ಕೈ ಹಿಡದ್ಳು.”

ನಾನು ಕೈ ಚೆಲ್ಲಿದೆ. ಜಗಳ ಮುಗಿಸಿದವಳು ಶಾಂತಾ. “ಅತ್ತಿ, ಅಮ್ಮಗ ಬಾಗಲಾಗ ಬೇವು ಕಟ್ತೀನಿ, ನಮಗ ಒಗ್ಗರಣಿ ಇಲ್ಲ. ಮೀನಿಗಿ ಥಂಡಿ ಆಗ್ಯಾದ, ಕೌದಿ ಹೊಚ್ಚಮು. ಕೌದಿ ಉರಿ ಅಲ್ಲಲ್ಲ?” ಹಳೆ ಬಟ್ಟೆ ಹೊಲಿದು ಮಾಡಿದ ಕೌದಿಗೆ ಗೌರವ್ವ ಒಪ್ಪಿದರು. ಬಾಟಲಿಗಳನ್ನು ಶಾಂತಾ ಕೌದಿಯ ಮರೆಯಲ್ಲೇ ಬದಲಿಸಿದಳು. ನೀರು ಬೆಚ್ಚಗಾಯಿತು. ಚುಕ್ಕೆ ಮಾಯವಾದ ಮೇಲೂ ತಳದ ಮರಿಗಳಿಗಾಗಿ ಔಷಧ ಮುಂದುವರಿಸಿದೆ. ಆದರೆ ಗೌರವ್ವನಿಗೆ ನಿದ್ದೆಯಿಲ್ಲ; ಕಣ್ಣು ಮುಚ್ಚಿದರೆ ಕೈ ಅದುರಿ ಎಚ್ಚರವಾಗುತ್ತಿತ್ತು. ನನಗೂ ಅಷ್ಟೆ, ತಂಬಿಗೆ ಬಿದ್ದ ಸದ್ದು ಕೇಳುತ್ತಿತ್ತು.

ಅಂದಿನಿಂದ, ರೈತನೊಬ್ಬನಿಗೆ ಕಾವು ಕೊಡು ಎಂದರೂ ‘ಯಾತರಿಂದ ಕೊಡ್ತಿ? ಮನೆಯಲ್ಲಿ ಬೇಡ ಅನ್ನುವವರು ಯಾರು?’ ಎಂದು ಕೇಳದೆ ನಾನು ಚೀಟಿ ಬರೆದಿಲ್ಲ. ರೋಗಿಯನ್ನು ನೋಡಿದರೆ ಸಾಲದು, ಮನೆಯನ್ನು ನೋಡಬೇಕು. ಈ ಪಾಠ ನನ್ನ ಕಾಲೇಜಿನ ಪುಸ್ತಕದಲ್ಲಿ ಇರಲಿಲ್ಲ.

ಕೊನೆಗೊಂದು ಮಂಗಳವಾರ ಗೌರವ್ವ ಸುಟ್ಟ ಎಡಗೈಗೆ ಬಟ್ಟೆ ಸುತ್ತಿಕೊಂಡೇ, ಬಲಗೈಯಲ್ಲಿ ಮೊಸರನ್ನ ಕಲಸಿ, ಊರ ಹೊರಗೆ ಎಡೆಯಿಟ್ಟು ಅಮ್ಮನನ್ನು ಕಳಿಸಿಬಂದರು. ನನಗೂ ಒಂದು ಡಬ್ಬಿ ಬಂತು, ಬೈದುಕೊಳ್ಳುತ್ತಲೇ ತಿಂದೆ. ಬುಧವಾರ ಹೋದಾಗ ಶಾಂತಾ ಬಾಗಿಲಲ್ಲೇ ಬಾಯಿಗೆ ಬೆರಳಿಟ್ಟಳು.

“ಸಾವಕಾಶ ಬರ್ರಿ. ನಿನ್ನಿ ಮಲಗಿದ ಅತ್ತಿ ಇನ್ನಾ ಎದ್ದಿಲ್ಲ, ಛಲೋ ನಿದ್ದಿ ಹತ್ಯಾದ.”

ಕೌದಿ ತೊಟ್ಟಿಯ ಮೇಲಿರಲಿಲ್ಲ, ಗೌರವ್ವನ ಮೇಲಿತ್ತು.