ಆಯಿಯ ಬಲ್ಬು

ಶಹಾಬಾದಿನ ನಮ್ಮ ಮಾಳಿಗೆಯ ಮೇಲೆ ಉದ್ದನೆಯ ತಂತಿ ಕಟ್ಟಿ, ಆಸ್ಟ್ರೇಲಿಯಾ ಕಡೆಯಿಂದ ಬರುವ ಕ್ಷೀಣ ರೇಡಿಯೋ ಸಂಕೇತವೊಂದನ್ನು ಹಿಡಿಯುವ ಹವ್ಯಾಸದಲ್ಲಿ ತಿಂಗಳುಗಟ್ಟಲೆ ಹೆಣಗಿದ್ದೆ. ಅದರ ತೀರಾ ಕಡಿಮೆ ಆವರ್ತನದಲ್ಲಿ ಸುತ್ತಲಿನ ಕರೆಂಟಿನ ಗೊರಗೊರವೇ ಎಲ್ಲವನ್ನೂ ನುಂಗಿಬಿಡುತ್ತದೆ. ಹುಡುಕಿದರೆ, ಹೆಚ್ಚಿನ ಗದ್ದಲ ಪಕ್ಕದ ಮನೆಯ ಮುದುಕಿ ಆಯಿಯ ಪಡಸಾಲೆಯಲ್ಲಿದ್ದ ಅಗ್ಗದ ಎಲ್‌ಇಡಿ ಬಲ್ಬಿನದು.

ನಿಜ ಹೇಳಿ ಬೇರೆ ಬಲ್ಬು ತಂದುಕೊಟ್ಟಿದ್ದರೆ ಮುಗಿಯುತ್ತಿತ್ತು. ರೇಡಿಯೋದ ಪುರಾಣ ಯಾರು ಬಿಡಿಸಿ ಹೇಳಬೇಕೆಂಬ ಬೇಸರಕ್ಕೆ, "ಆಯಿ, ಸಂಜಿಮುಂದ ಈ ಬಲ್ಬ್ ಹಚ್ಚಬ್ಯಾಡ, ಶಾಕ್ ಹೊಡಿತದ" ಎಂದುಬಿಟ್ಟೆ.

ಮರುದಿನ ಸಂಜೆ ಸಂಕೇತ ಸ್ವಚ್ಛವಾಗಿ ಬಂತು. ನಾನು ಹೆಡ್‌ಫೋನ್ ಹಾಕಿಕೊಂಡು ಹಿಗ್ಗುತ್ತಿದ್ದ ಹೊತ್ತಿಗೇ ಆಯಿ ಪೂಜೆಗೆ ನೀರು ತರಲು ಎದ್ದು, ಕತ್ತಲಲ್ಲಿ ಕಲ್ಲಿನ ಮೆಟ್ಟಿಲು ಕಾಣದೆ ಬಿದ್ದಳು. ಮುರಿದದ್ದು ಎಡಗೈ. ದಿನಾ ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜಿಸುವ ಕೈ.

ನೋಡಲು ಹೋದರೆ, ಕೂತಿದ್ದ ಓಣಿಯವರಿಗೆಲ್ಲ ನನ್ನನ್ನೇ ತೋರಿಸಿ ಹೇಳಿದಳು: "ಈ ತಮ್ಮ ಮೊದಲೇ ಹೇಳಿದ್ದು ಭಾಳ ಛಲೋ ಆಯ್ತು ನೋಡ್ರವ್ವ. ಇಲ್ಲಂದ್ರ ಕರೆಂಟ್ ಹೊಡದು ಸಾಯ್ತಿದ್ದೆ. ಜೀವಕ್ಕ ಬರೋದು ಕೈಗೇ ಹೋಯ್ತು."

ಎಲ್ಲರೂ ನನ್ನತ್ತ ನೋಡಿದರು. ಹೇಡಿ ನಾನು, ಹೌದೆಂದು ತಲೆಯಾಡಿಸಿದೆ.

ಆಯಿ ಇಂದಿಗೂ ಸಂಜೆ ಆ ಬಲ್ಬು ಹಚ್ಚುವುದಿಲ್ಲ. ಸಂಕೇತ ದಿನಾ ಬರುತ್ತದೆ.